ಕಿಂಡಿಯಾಚೆಯ ಪೀಪಾಯಿ

ಹೊರನಾಡಿನಿಂದ ಬಂದವನಿಗೆ ಇಂಗ್ಲೆಂಡಿನ ಹಳ್ಳಿಯ ಪಬ್ಬಿನ ಬಾಗಿಲು ಅಷ್ಟು ಸುಲಭವಾಗಿ ತೆರೆಯದು. ಅದಕ್ಕೆ ಬೀಗವೇನೂ ಇರುವುದಿಲ್ಲ. ಆದರೆ ಒಳಗಿರುವವರೆಲ್ಲ ಒಬ್ಬರನ್ನೊಬ್ಬರು ಬಲ್ಲವರು, ತಾನೊಬ್ಬನೇ ಪರಕೀಯ ಎಂಬ ಅಳುಕು ಅವನ ಕೈಯನ್ನು ಹಿಡಿದು ನಿಲ್ಲಿಸುತ್ತದೆ.

ದಕ್ಷಿಣ ಕರಾವಳಿಯ ಡಾರ್ಸೆಟ್ ಪ್ರಾಂತದಲ್ಲಿ ವರ್ತ್ ಮ್ಯಾಟ್ರವರ್ಸ್ ಎಂಬ ಪುಟ್ಟ ಊರಿದೆ. ಕಡಲಂಚಿನ ವಿನ್‌ಸ್ಪಿಟ್ ಕಲ್ಲುಗಣಿಗಳಿಂದ ಕಣಿವೆಯ ಹಾದಿಯನ್ನೇರಿ ಬರುವ ಪಥಿಕನಿಗೆ, ಪ್ರಾಚೀನರು ಉಳುಮೆಗಾಗಿ ದಿಣ್ಣೆಗಳಲ್ಲಿ ಕೊರೆದ ಮೆಟ್ಟಿಲುಗಳು ಎರಡೂ ಕಡೆ ಕಾಣುತ್ತವೆ. ಆ ಮೇಲೆ ಕಲ್ಲಿನ ಮನೆಗಳು, ಒಂದು ಕೊಳ; ಊರಿನ ಎತ್ತರದಲ್ಲಿ ‘ಸ್ಕ್ವೇರ್ ಅಂಡ್ ಕಂಪಸ್’ ಎಂಬ ಹಲಗೆ. ಮೂಲೆಮಟ್ಟ ಮತ್ತು ಕೈವಾರ—ಕಲ್ಲುಕುಟಿಗರ ಉಪಕರಣಗಳು. ಸಾಲ್ಸ್‌ಬರಿಯ ಮಹಾದೇವಾಲಯದ ಕಪ್ಪು ಕಂಬಗಳಿಗೆ ಕಲ್ಲನ್ನು ಒದಗಿಸಿದ ಪರ್ಬೆಕ್ ಸೀಮೆಯಲ್ಲಿ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿರಲಾರದು.

1907ರಿಂದ ನ್ಯೂಮನ್ ಮನೆತನದವರು ನಡೆಸಿಕೊಂಡು ಬಂದಿರುವ ಈ ಪಾನಗೃಹದಲ್ಲಿ ಹೊಸಬನು ನಿರೀಕ್ಷಿಸುವ ಉದ್ದನೆಯ ಕಟ್ಟೆಯೇ ಇಲ್ಲ. ಇಕ್ಕಟ್ಟಾದ ಓಣಿ, ಗೋಡೆಯಲ್ಲಿ ಒಂದು ಕಿಂಡಿ, ಅದರಾಚೆ ಮಲಗಿರುವ ಪೀಪಾಯಿಗಳು. ಎಲ್ಲರಂತೆ ಸಾಲಿನಲ್ಲಿ ನಿಲ್ಲಬೇಕು. ಸರದಿ ಬಂದಾಗ ಏನು ಕೇಳಬೇಕೆಂದು ತಿಳಿಯದೆ ತಡವರಿಸಿದರೂ ಯಾರೂ ನಗುವುದಿಲ್ಲ. ಹಿಂದೆ ನಿಂತವನೇ ಇಂಥದನ್ನು ಕುಡಿದು ನೋಡಿರೆಂದು ಸೂಚಿಸುತ್ತಾನೆ. ಪೀಪಾಯಿಯ ನಲ್ಲಿಯಿಂದಲೇ ಲೋಟ ತುಂಬುತ್ತದೆ. ಒಂದು ಪೈಂಟ್, ಎಂದರೆ 568 ಮಿಲಿಲೀಟರ್.

ಮೊದಲ ಗುಟುಕು ಅವನನ್ನು ತುಸು ಪೇಚಿಗೆ ಸಿಲುಕಿಸುವುದುಂಟು. ಮಂಜುಗಡ್ಡೆಯಂತಹ ತಂಪಿಲ್ಲ, ನಾಲಗೆಯನ್ನು ಚುಚ್ಚುವ ಗುಳ್ಳೆಗಳಿಲ್ಲ. ಏಲ್ ಬೆಚ್ಚಗಿನ ಸಪ್ಪೆ ಪೇಯವೆಂದು ದೂರುವವರು ಇಲ್ಲಿಯೇ ಲೋಟ ಕೆಳಗಿಡುತ್ತಾರೆ; ಅವಸರದವರು. ಎರಡನೆಯ ಗುಟುಕಿಗೆ ಹುರಿದ ಬಾರ್ಲಿಯ ಸಿಹಿ, ಮೂರನೆಯದಕ್ಕೆ ಹಾಪ್ ಹೂವಿನ ಹಿತವಾದ ಕಹಿ. ಬೆಚ್ಚಗಿನದೆಂಬ ಮಾತೂ ಸುಳ್ಳೇ: ನೆಲಮಾಳಿಗೆಯ ತಂಪು, ಸುಮಾರು 11ರಿಂದ 13 ಡಿಗ್ರಿ ಸೆಲ್ಸಿಯಸ್, ಇದಕ್ಕೆ ತಕ್ಕುದು. ಅದಕ್ಕಿಂತ ತಣ್ಣಗಾದರೆ ರುಚಿ ಮುದುಡಿಕೊಳ್ಳುತ್ತದೆ.

ಪೀಪಾಯಿಯನ್ನು ಸೇರಿದ ಮೇಲೂ ಈ ಏಲ್ ಜೀವಂತವಾಗಿರುತ್ತದೆ. ಅದನ್ನು ಕಾಯಿಸಿ ಯೀಸ್ಟನ್ನು ಕೊಂದಿರುವುದಿಲ್ಲ. ಒಳಗೇ ಎರಡನೆಯ ಹುದುಗುವಿಕೆ ನಡೆಯುತ್ತದೆ. ಮೆದುಮರದ ಬಿರಡೆಯ ಮೂಲಕ ಹೆಚ್ಚಿನ ಅನಿಲ ಹೊರಹೋಗಿ, ಮಡ್ಡಿ ತಳಕ್ಕಿಳಿಯುವವರೆಗೆ ಪೀಪಾಯಿಯನ್ನು ಕದಲಿಸಬಾರದು. ತಿಳಿಗೊಳಿಸಲು ಮೀನಿನ ಗಾಳಿಚೀಲದ ಅಂಟನ್ನು ಬಳಸುವುದು ಹಳೆಯ ರೂಢಿ; ಶಾಕಾಹಾರಿ ವಾಚಕರು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಆದರೆ ಒಮ್ಮೆ ನಲ್ಲಿ ತಿರುಗಿಸಿ ಗಾಳಿ ಒಳಹೊಕ್ಕಿತೋ, ಆಯುಸ್ಸು ಸುಮಾರು ಮೂರು ದಿನ. ಮುಂಜಾನೆ ಇಳಿಸಿದ ಸೇಂದಿ ಸಂಜೆಗೆ ಹುಳಿಯಾಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂಬತ್ತು ಗ್ಯಾಲನ್ನಿನ ಪೀಪಾಯಿಯಲ್ಲಿ 72 ಪೈಂಟುಗಳು. ಅಷ್ಟನ್ನೂ ಆ ಮೂರು ದಿನಗಳಲ್ಲಿ ಕುಡಿದು ಮುಗಿಸಲು ಪುಟ್ಟ ಊರಿನ ಜನ ಸಾಲರು. ಕಣಿವೆಯೇರಿ ಬರುವ ಅಪರಿಚಿತರೂ ಬೇಕು. ಬಾಗಿಲಲ್ಲಿ ಅಳುಕಿ ನಿಂತವನಿಗೆ ಇದು ತಿಳಿದಿರುವುದಿಲ್ಲ. ಜನ ತಗ್ಗಿದಲ್ಲಿ ಏಲ್ ಕೆಡುತ್ತದೆ, ಕೆಟ್ಟ ಏಲಿಗೆ ಜನ ಇನ್ನೂ ತಗ್ಗುತ್ತಾರೆ. ಸೋಸಿ, ಕಾಯಿಸಿ, ಅನಿಲ ತುಂಬಿದ ಬಿಯರು ಈ ತೊಡಕಿಗೆ ಸುಲಭದ ಉತ್ತರವಾಗಿ ಬಂದಿತು. ಅದನ್ನೊಪ್ಪದ ನಾಲ್ವರು ಗೆಳೆಯರು 1971ರಲ್ಲಿ ಆರಂಭಿಸಿದ ಚಳವಳಿಯೇ ‘ಕಾಮ್ರಾ’. 1974ರ ಅವರ ಮೊದಲ ಮಾರ್ಗದರ್ಶಿಯಲ್ಲಿಯೇ ಈ ಕಿಂಡಿಯ ಮನೆಗೆ ಸ್ಥಾನ ದೊರೆತಿತ್ತು.

ಹೊರಗೆ ಒರಟು ಕಲ್ಲಿನ ಆಸನಗಳು, ಕಾಲಸಂದಿಯಲ್ಲಿ ಕೋಳಿಗಳು, ಹೊಲಗಳಾಚೆ ಕಡಲು. ಊರ ಚರ್ಚಿನಂಗಳದಲ್ಲಿ, ಜೆನ್ನರನಿಗಿಂತ ಮುಂಚೆ 1774ರಲ್ಲಿಯೇ ಹೆಂಡತಿ ಮಕ್ಕಳಿಗೆ ಗೋಸಿಡುಬಿನ ರಸ ಚುಚ್ಚಿದ ರೈತ ಬೆಂಜಮಿನ್ ಜೆಸ್ಟಿಯ ಸಮಾಧಿಯಿದೆಯೆಂದು ಪಕ್ಕದವರಾರೋ ಹೇಳುತ್ತಾರೆ. ನೋಡಿಬರಬೇಕು, ಆದರೆ ಲೋಟ ಬರಿದಾಗಿದೆ. ಅವನೆದ್ದು ಮತ್ತೆ ಓಣಿಯ ಸಾಲು ಸೇರುತ್ತಾನೆ. ಹಿಂದೆ ಯಾರೋ ಬಾಗಿಲಲ್ಲಿ ಅನುಮಾನಿಸುತ್ತ ನಿಂತಿದ್ದಾರೆ. ಅವನು ಗೋಡೆಗೊತ್ತಿ ಅವರಿಗೆ ಜಾಗ ಬಿಡುತ್ತಾನೆ.