ವ್ಹಡ್ಲಿಮಾಂಯ್ ಪಾಲಿನ ಭಾನುವಾರ

ಹುಟ್ಟುವ ತಾರೀಕನ್ನು ಆರಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ, ನಿಜ. ಆದರೂ ಕ್ರೈಸ್ತರ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಹುಟ್ಟುವವರು ಸ್ವಲ್ಪ ಯೋಚನೆ ಮಾಡಬೇಕಿತ್ತು. ನನ್ನ ಅಜ್ಜಿ, ನಮ್ಮ ಕೊಂಕಣಿಯಲ್ಲಿ ವ್ಹಡ್ಲಿಮಾಂಯ್, ಏನೂ ಯೋಚಿಸದೆ 1943ರ ಏಪ್ರಿಲ್ 20ರಂದು ಕಿನ್ನಿಗೋಳಿಯಲ್ಲಿ ಹುಟ್ಟಿಬಿಟ್ಟರು. ಆ ವರ್ಷ ಈಸ್ಟರ್ ಬಂದದ್ದು ಏಪ್ರಿಲ್ 25ಕ್ಕೆ. ಅದಕ್ಕಿಂತ ತಡವಾಗಿ ಬರಲು ಈಸ್ಟರಿಗೆ ಅನುಮತಿಯೇ ಇಲ್ಲ. ಹಾಗಾಗಿ ಕೂಸು ಬಂದದ್ದು ಪವಿತ್ರ ವಾರದ ಮಂಗಳವಾರ. ಮಾಂಸ ಮುಟ್ಟದ, ಮದುವೆ ನಡೆಯದ, ಜೋರಾಗಿ ನಗುವುದಕ್ಕೂ ಅಂಜುವ ದಿನ. ಬಾಣಂತಿಗೆ ಕೋಳಿ ಸಾರು ಕೊಡಬಹುದೇ ಎಂದು ಪಾದ್ರಿಗಳನ್ನು ಕೇಳಿ ಬರಲು ಆಳನ್ನು ಓಡಿಸಿದ್ದರಂತೆ. ಉತ್ತರ ಏನು ಬಂತು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಇಂದಿಗೂ ಎರಡು ಪಂಗಡಗಳಿವೆ.

ಕ್ರಿಸ್‌ಮಸ್ ಒಳ್ಳೆಯ ಗುಮಾಸ್ತನ ಹಾಗೆ, ಪ್ರತಿ ವರ್ಷ ಅದೇ ತಾರೀಕಿಗೆ ಹಾಜರು. ಈಸ್ಟರ್ ಹಾಗಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯನ್ನು ನೋಡಬೇಕು, ಅದು ಕಳೆದ ಮೇಲಿನ ಭಾನುವಾರ ಹಬ್ಬ. ಹುಣ್ಣಿಮೆಯೇ ಭಾನುವಾರ ಬಂದರೆ ಇನ್ನೂ ಒಂದು ವಾರ ಕಾಯಬೇಕು. ಈಸ್ಟರನ್ನು ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ಬಿಷಪರು ಕ್ರಿ.ಶ. 325ರಲ್ಲಿ ನಿಸಿಯಾದಲ್ಲಿ ಸಭೆ ಸೇರಿ ಹೇಳಿದ್ದು. ಪಕ್ಕದ ಮನೆಯ ಭಟ್ಟರಿಗೆ ಇದೆಲ್ಲ ವಿವರಿಸಿದಾಗ ಅವರು, "ಅಂದರೆ ನಿಮ್ಮದೂ ಪಂಚಾಂಗವೇ. ಅದಕ್ಕೆ ಇಷ್ಟು ಸುತ್ತು ಯಾಕೆ ಮಾರಾಯ್ರೆ?" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಈ ಸುತ್ತಿನಲ್ಲಿ ಸಿಕ್ಕಿಬಿದ್ದವರು ವ್ಹಡ್ಲಿಮಾಂಯ್. 1957ರಲ್ಲಿ ಅವರ ಹುಟ್ಟಿದ ದಿನ ಈಸ್ಟರಿನ ಹಿಂದಿನ ಶನಿವಾರ ಬಂತು, ಒಂದು ದಿನದಿಂದ ತಪ್ಪಿತು. 1962ರಲ್ಲಿ ಶುಭ ಶುಕ್ರವಾರ. 1973ರಲ್ಲಿ ಮತ್ತೆ ಶುಭ ಶುಕ್ರವಾರ. 1984ರಲ್ಲಿ ಇನ್ನೊಮ್ಮೆ. ಇಗರ್ಜಿಯಲ್ಲಿ ಗಂಟೆಯೂ ಬಾರಿಸದ ದಿನ ಮನೆಯಲ್ಲಿ ಕೇಕು ಕೊಯ್ಯುವುದುಂಟೇ? 18 ತುಂಬಿದವರಿಂದ 59 ತುಂಬುವವರೆಗೆ ಆ ದಿನ ಉಪವಾಸ ಕಡ್ಡಾಯ ಎಂದು ಈಗಿನ ಧರ್ಮಸಭೆಯ ಕಾನೂನು. 41ನೇ ಹುಟ್ಟುಹಬ್ಬಕ್ಕೆ ಅಜ್ಜಿ ಕುಡಿದದ್ದು ಗಂಜಿ.

ಏಪ್ರಿಲ್ 20ಕ್ಕೇ ಈಸ್ಟರ್ ಬಿದ್ದದ್ದು 1930ರಲ್ಲಿ. ಆಮೇಲೆ 73 ವರ್ಷ ಇಲ್ಲವೇ ಇಲ್ಲ. 2003ರಲ್ಲಿ, ಅಜ್ಜಿಗೆ 60 ತುಂಬಿ ಉಪವಾಸದಿಂದ ಬಿಡುಗಡೆಯೂ ಸಿಕ್ಕಿದ ಮೇಲೆ, ಎರಡೂ ಒಟ್ಟಿಗೆ ಬಂದವು. ಮತ್ತೆ 2014ರಲ್ಲಿ. ಮತ್ತೆ 2025ರಲ್ಲಿ. ಇನ್ನು ಮುಂದಿನದು 2087. ಇದನ್ನು ಲೆಕ್ಕ ಹಾಕಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದವನು ಕೆನಡಾದಲ್ಲಿರುವ ನನ್ನ ತಮ್ಮ. ಕೆಳಗೆ ಒಂದೇ ಸಾಲು ಬರೆದಿದ್ದ: "ಆಗ ವ್ಹಡ್ಲಿಮಾಂಯ್‌ಗೆ 144." ಅದನ್ನು ಓದಿದವರೆಲ್ಲ ಆ ರಾತ್ರಿಯೇ ಟಿಕೆಟ್ ಬುಕ್ ಮಾಡಿದರು.

ಹೀಗೆ 2025ರ ಏಪ್ರಿಲ್‌ನಲ್ಲಿ ಕುವೈತ್ ಬಾಪ್ಪು, ಮುಂಬೈ ಬಾಪ್ಪು ಎಂಬ ಇಬ್ಬರು ಚಿಕ್ಕಪ್ಪಂದಿರು, ದುಬೈಯ ಇಬ್ಬರು ಆಂಟಿಯರು, ಅವರ ಗಂಡಂದಿರು, ಮಕ್ಕಳು, ಮಕ್ಕಳು ಮದುವೆಯಾದವರು, ಆಗಲಿರುವವರು ಎಲ್ಲ ಬಂದಿಳಿದರು. ಒಟ್ಟು ಎಷ್ಟು ಜನ ಎಂಬುದನ್ನು ಸಾನ್ನ ಎಂಬ ಅಕ್ಕಿ ಕಡುಬು ಮಾಡುವವರಿಗೋಸ್ಕರ ಮೂರು ಮಂದಿ ಬೇರೆಬೇರೆಯಾಗಿ ಎಣಿಸಿದರು. ಮೂವರ ಲೆಕ್ಕವೂ ಬೇರೆ. ಕೋಣೆಗಳಲ್ಲಿ ಎಸಿ ಇದ್ದದ್ದು ಒಂದರಲ್ಲಿ. ಅದು ಅಜ್ಜಿಯದು. ಕಿನ್ನಿಗೋಳಿಯ ಏಪ್ರಿಲ್ ಸೆಕೆಯಲ್ಲಿ ಅಜ್ಜಿಯ ಮೇಲೆ ಎಲ್ಲರಿಗೂ ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ. ಹಗಲೂ ರಾತ್ರಿ ಅವರ ಮಂಚದ ಸುತ್ತ ಯಾರಾದರೊಬ್ಬರು ಕ್ಷೇಮ ವಿಚಾರಿಸುತ್ತಲೇ ಇದ್ದರು.

ಅಡುಗೆಮನೆಯಲ್ಲಿ ಹಂದಿ ಮಾಂಸದ ಬಫಾತ್ ಶನಿವಾರ ಬೆಳಿಗ್ಗೆಯೇ ಆಯಿತು. ಇಂದು ಮಾಡಿ ಇಂದೇ ತಿಂದರೆ ಅದು ಬಫಾತ್ ಅಲ್ಲ, ಬರೀ ಖಾರ. ಒಂದು ರಾತ್ರಿಯಾದರೂ ಕೂತು ಮೆಣಸು, ಲವಂಗ, ಹುಳಿ ಎಲ್ಲ ಒಂದಕ್ಕೊಂದು ಹೊಂದಿಕೊಳ್ಳಬೇಕು. ಆದರೆ ಪವಿತ್ರ ವಾರ ಇನ್ನೂ ಮುಗಿದಿಲ್ಲವಾದ್ದರಿಂದ ಉಪ್ಪು ನೋಡುವವರಾರು ಎಂಬ ಪ್ರಶ್ನೆ ಎದ್ದಿತು. ಪಕ್ಕದ ಬೀದಿಯ ಪ್ರೊಟೆಸ್ಟೆಂಟ್ ಗೆಳೆಯನನ್ನು ಕರೆಸಿದೆವು. ಅವನು ಮೂರು ಸಲ ನೋಡಿ, ಇನ್ನೊಮ್ಮೆ ನೋಡಿದರೆ ಖಚಿತವಾಗಿ ಹೇಳಬಹುದು ಎಂದ. ಸಾನ್ನದ ಹಿಟ್ಟಿಗೆ ಕಳ್ಳು ಹಾಕಬೇಕೋ ಈಸ್ಟ್ ಸಾಕೋ ಎಂಬ ಜಗಳದಲ್ಲಿ ಹಳೆಯ ತಲೆಗಳು ಗೆದ್ದವು. ಹಿಟ್ಟು ರಾತ್ರಿ ಉಕ್ಕಿ ಪಾತ್ರೆಯ ಮುಚ್ಚಳವನ್ನೇ ಎತ್ತಿತು.

ಶನಿವಾರ ರಾತ್ರಿಯ ಜಾಗರಣೆಯ ಪೂಜೆಗೆ ಎಲ್ಲರೂ ಹೋದೆವು. ಇಗರ್ಜಿಯ ದೀಪಗಳನ್ನೆಲ್ಲ ಆರಿಸಿ ಹೊರಗೆ ಬೆಂಕಿ ಹಚ್ಚುತ್ತಾರೆ. ಆ ಬೆಂಕಿಯಿಂದ ದೊಡ್ಡ ಪಾಸ್ಕ ಮೇಣದ ಬತ್ತಿ, ಅದರಲ್ಲಿ ಆ ವರ್ಷದ ಅಂಕಿಗಳನ್ನು ಕೆತ್ತಿರುತ್ತದೆ. ಅದರಿಂದ ಎಲ್ಲರ ಕೈಯ ಸಣ್ಣ ಬತ್ತಿಗಳಿಗೆ ಬೆಳಕು ಹೋಗುತ್ತದೆ. ಗುರುವಾರದಿಂದ ಕೇಳದ ಗಂಟೆಗಳು ಒಮ್ಮೆಲೇ ಬಾರಿಸುವಾಗ ಕುವೈತ್ ಬಾಪ್ಪುವಿನಂಥ ಗಟ್ಟಿ ಮನುಷ್ಯನೂ ಕನ್ನಡಕ ಒರೆಸಿಕೊಂಡರು. ಸೆಕೆ ಎಂದರು ಆಮೇಲೆ. ಉಳಿದ ಬತ್ತಿಯ ತುಂಡುಗಳನ್ನು ಮಕ್ಕಳು ಜೇಬಿಗೆ ಹಾಕಿಕೊಂಡು ಮನೆಗೆ ತಂದರು. ಅಲ್ಲಿಂದಲೇ ತಕರಾರು ಶುರು.

ಭಾನುವಾರ ಮಧ್ಯಾಹ್ನದ ಕೇಕಿಗೆ ಎರಡು ಶುಭಾಶಯ ಬರೆಸಬೇಕೆಂದು ಬೇಕರಿಗೆ ಹೇಳಿದ್ದೆವು. ಜಾಗ ಸಾಲದ್ದಕ್ಕೆ ಅವರು ಮಧ್ಯದ ಒಂದು ಶಬ್ದವನ್ನು ಬಿಟ್ಟು "ಹ್ಯಾಪಿ ಬರ್ತ್‌ಡೇ ಈಸ್ಟರ್" ಎಂದು ಬರೆದು ಕಳಿಸಿದ್ದರು. ಅಂದಿನಿಂದ ಮರಿಮಕ್ಕಳ ಬಾಯಲ್ಲಿ ಅಜ್ಜಿಯ ಹೆಸರು ಈಸ್ಟರ್ ಆಂಟಿ. ಮೇಣದ ಬತ್ತಿ ತರಲು ಯಾರಿಗೂ ನೆನಪಾಗಿರಲಿಲ್ಲ. ಮಕ್ಕಳು ಜೇಬಿನಿಂದ ರಾತ್ರಿಯ ತುಂಡುಗಳನ್ನು ತೆಗೆದು ಕೇಕಿನ ಮೇಲೆ ನೆಟ್ಟು ಹಚ್ಚಿಯೂ ಬಿಟ್ಟರು. ವ್ಹಡ್ಲಿಮಾಂಯ್ ನೋಡಿದರು. "ಇದು ಆಶೀರ್ವಾದ ಆದ ಬತ್ತಿ. ಇದನ್ನು ಬಾಯಲ್ಲಿ ಊದಲಿಕ್ಕೆ ಉಂಟೇನು?" ಎಂದರು. ಯಾರಿಗೂ ಉತ್ತರ ಗೊತ್ತಿಲ್ಲ. ಉರಿದು ತಾನಾಗಿಯೇ ಆರಲಿ ಎಂದು ತೀರ್ಮಾನವಾಯಿತು. ಚಾಕು ಹಿಡಿದ ಅಜ್ಜಿ, ತಟ್ಟೆ ಹಿಡಿದ ನಾವು, ಎಲ್ಲರೂ ನಿಂತೆವು.

ಇಂಥ ಸಂದರ್ಭಕ್ಕಾಗಿಯೇ ಜೀವಮಾನವಿಡೀ ಕಾದಿದ್ದವರು ಮುಂಬೈ ಬಾಪ್ಪು. ನಮ್ಮವರಲ್ಲಿ ಮದುವೆಗೂ ಹಬ್ಬಕ್ಕೂ ಒಬ್ಬರು ದ್ರಾಕ್ಷಾರಸದ ಗ್ಲಾಸು ಎತ್ತಿ ಭಾಷಣ ಮಾಡಿ ಹಾರೈಸುವ ಕ್ರಮವುಂಟು. ಬಾಪ್ಪು ನಮ್ಮ ಹಿರಿಯರು ಗೋವಾ ಬಿಟ್ಟು ಹೊರಟಲ್ಲಿಂದ ಆರಂಭಿಸಿದರು. ಅವರು ಕಾಳಿ ನದಿ ದಾಟುವಷ್ಟರಲ್ಲಿ ಮೇಣ ಇಳಿದು ಐಸಿಂಗ್ ಮುಟ್ಟಿತ್ತು. ನೇತ್ರಾವತಿ ತಲುಪಿದಾಗ "ಹ್ಯಾಪಿ" ಪೂರ್ತಿ ಮುಚ್ಚಿಹೋಗಿತ್ತು. ಹಿಂದಿನ ಸಲ, 2014ರಲ್ಲಿ, ಗ್ಲಾಸು ಎತ್ತಿದವರು ಅಜ್ಜ. ಅವರದು ಎರಡೇ ಮಾತು: "ಊಟ ತಣಿಯುತ್ತದೆ. ಇವಳು ಇರಲಿ." ಈ ಮಾತು ಎಲ್ಲರಿಗೂ ಒಟ್ಟಿಗೆ ನೆನಪಾಯಿತೆಂದು ಕಾಣುತ್ತದೆ, ಬಾಪ್ಪು ಇದ್ದಕ್ಕಿದ್ದ ಹಾಗೆ ಚಿಕ್ಕಮಗಳೂರಿನ ಕಾಫಿ ತೋಟದ ಅಧ್ಯಾಯವನ್ನು ಬಿಟ್ಟು ಗ್ಲಾಸು ಖಾಲಿ ಮಾಡಿದರು.

ಸಂಜೆ ತೆರ್ಸ್, ಅಂದರೆ ಜಪಸರ. ಅದು ಮುಗಿದ ಮೇಲೆ ಕಿರಿಯರು ಹಿರಿಯರ ಬಳಿ ಹೋಗಿ ಬೆಸಾಂವ್ ಬೇಡಬೇಕು, ಆಶೀರ್ವಾದ. ಚಿಕ್ಕ ಕುಟುಂಬಗಳಲ್ಲಿ ಇದು ಎರಡು ನಿಮಿಷದ ಕೆಲಸ. ನಮ್ಮಲ್ಲಿ ಅಂದು ಎಲ್ಲರಿಗೂ ಎಲ್ಲರ ಬೆಸಾಂವ್ ಬೇಕಾಗಿ ಚಾವಡಿಯಲ್ಲಿ ಸಂತೆಯೇ ನೆರೆಯಿತು. ಇಬ್ಬರು ದಾಯಾದಿಗಳು ತಮ್ಮಲ್ಲಿ ಯಾರು ದೊಡ್ಡವರೆಂದು ಆಧಾರ್ ಕಾರ್ಡ್ ತೋರಿಸಿಕೊಂಡರು. ಎಲ್ಲರ ತಲೆಯ ಮೇಲೂ ಕೈ ಇಟ್ಟು "ದೇವ್ ಬರೆಂ ಕರುಂ" ಎಂದ ವ್ಹಡ್ಲಿಮಾಂಯ್, ಕೊನೆಗೆ ತಾನು ಯಾರ ಬಳಿ ಹೋಗಬೇಕೆಂದು ಒಂದು ಕ್ಷಣ ಸುತ್ತ ನೋಡಿದರು. ಅವರಿಗಿಂತ ಹಿರಿಯರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. "ಆಯ್ತು, ಸಾನ್ನ ಬಿಸಿ ಮಾಡಿ" ಎಂದು ಎದ್ದರು.

ಅದೇ ದಿನ ಮಧ್ಯಾಹ್ನ ಟಿವಿಯಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಬಸಿಲಿಕಾದ ಬಾಲ್ಕನಿಗೆ ಬಂದು ಜಗತ್ತಿಗೆ ಆಶೀರ್ವಾದ ಕೊಟ್ಟಿದ್ದರು, ಸೋತ ದನಿಯಲ್ಲಿ. ಮರುದಿನ ಸೋಮವಾರ ನಾವು ಉಳಿದ ಬಫಾತಿಗೆ ಕೂತಾಗ ಅವರು ತೀರಿಕೊಂಡ ಸುದ್ದಿ ಬಂತು. 88 ವರ್ಷ. ತಟ್ಟೆಯ ಮುಂದೆ ಎಲ್ಲರೂ ಸುಮ್ಮನಾದರು. "ಹಬ್ಬ ಮುಗಿಸಿಯೇ ಹೋದರು ನೋಡು" ಎಂದು ಅಜ್ಜಿ ಶಿಲುಬೆಯ ಗುರುತು ಮಾಡಿದರು. ಒಳ್ಳೆಯ ಅತಿಥಿಯ ಬಗ್ಗೆ ಆಡುವಂಥ ಮಾತು ಅದು. ಮೂರನೆಯ ದಿನದ ಬಫಾತ್ ಮಾತ್ರ ಬಹಳ ಚೆನ್ನಾಗಿತ್ತು, ಹೇಳಬಾರದು.

ವಿಮಾನ ಹಿಡಿಯುವವರೆಲ್ಲ ಬಜಪೆಯ ದಾರಿ ಹಿಡಿದ ಮೇಲೆ, ಎಸಿ ಕೋಣೆಯಲ್ಲಿ ಅಜ್ಜಿ ಒಬ್ಬರೇ ಸಿಕ್ಕಿದರು. ಇಷ್ಟು ಹುಟ್ಟುಹಬ್ಬಗಳಲ್ಲಿ ಯಾವುದು ಚೆಂದವಾಗಿತ್ತು ಎಂದು ಕೇಳಿದೆ. ಮೂರು ಈಸ್ಟರ್‌ಗಳಲ್ಲಿ ಒಂದರ ಹೆಸರು ಬರುತ್ತದೆ, ಅದನ್ನು ಗುಂಪಿಗೆ ಹಾಕಬಹುದು ಎಂಬ ಆಸೆ ನನಗೆ.

"1984ರದ್ದು" ಎಂದರು.

"ಅದು ಶುಭ ಶುಕ್ರವಾರ ಅಲ್ವಾ?"

"ಹೌದು ಪುತಾ. ಬೆಳಿಗ್ಗೆ ಒಂದು ಗಂಜಿ ಬೇಯಿಸಿದರೆ ಮುಗಿಯಿತು. ನೆಂಟರಿಲ್ಲ, ಅರೆಯುವುದಿಲ್ಲ, ಪಾತ್ರೆ ಇಲ್ಲ. ಮೂರು ಗಂಟೆಗೆ ಇಗರ್ಜಿಗೆ ಹೋಗಿ ಕೂತೆ. ಸಂಜೆಯವರೆಗೆ ಯಾರೂ ನನ್ನನ್ನು ಏಳಿಸಲಿಲ್ಲ."

2026ರಲ್ಲಿ ಈಸ್ಟರ್ ಏಪ್ರಿಲ್ 5ಕ್ಕೆ, 20ನೇ ತಾರೀಕು ಬರೀ ಸೋಮವಾರ. ಆ ದಿನ ಬರುವ ಯೋಚನೆಯಿರುವ ಬಂಧುಗಳಲ್ಲಿ ಒಂದು ವಿನಂತಿ: ಊಟ ನೀವೇ ತನ್ನಿ, ಪಾತ್ರೆ ನೀವೇ ತೊಳೆಯಿರಿ, ಅಜ್ಜಿ ಕೂತಿದ್ದರೆ ಕೂತಿರಲಿ.