ಎರಡು ಮುಳ್ಳುಗಳು

ನಮ್ಮ ಮನೆಯ ಜೀಪು ಯಾವ ಕಾರ್ಖಾನೆಯಲ್ಲೂ ಹುಟ್ಟಿದ್ದಲ್ಲ. ಹಿತ್ತಿಲಿನ ಹಲಸಿನ ಮರದ ಬುಡದಲ್ಲಿ ಹುಟ್ಟಿದ್ದು. 1998ರಲ್ಲಿ ನಮ್ಮ ಯಜಮಾನರೂ ಮೈದುನನೂ ಸೇರಿ, ಸೈನ್ಯದ ಹರಾಜಿನಿಂದ ನಾಲ್ಕಾರು ಕೈ ದಾಟಿ ಬಂದಿದ್ದ ಒಂದು ಜೀಪಿನ ಅಸ್ಥಿಪಂಜರ ತಂದು ಅಲ್ಲಿ ನಿಲ್ಲಿಸಿದರು. ಎಂಜಿನ್ನು ಒಂದು ಕಡೆಯದು, ಗೇರ್‌ಬಾಕ್ಸು ಇನ್ನೊಂದು ಕಡೆಯದು, ಹಿಂದಿನ ಸೀಟು ಹಳೆಯ ಬಸ್ಸಿನದು, ಮೀಟರುಗಳು ಶಿವಮೊಗ್ಗದ ಗುಜರಿಯಲ್ಲಿ ಸಿಕ್ಕ ಯಾವುದೋ ಕಾರಿನವು. ಕಾಗದಪತ್ರ ಮಾತ್ರ ಮೂಲ ಜೀಪಿನವೇ. ಮಲೆನಾಡಿನಲ್ಲಿ ಇಂಥ ಜೀಪುಗಳು ಅಪರೂಪವೇನೂ ಆಗಿರಲಿಲ್ಲ.

ವೈರಿಂಗ್ ಪೂರ್ತಿ ಮೈದುನನ ಕೈಕೆಲಸ. ತೋಟದ ಪಂಪ್‌ಸೆಟ್ಟಿಗೆಂದು ತಂದು ಉಳಿದಿದ್ದ ಕೆಂಪು ವೈರಿನ ಸುರುಳಿಯೊಂದಿತ್ತು. ಇಡೀ ಜೀಪಿಗೆ ಅದನ್ನೇ ಎಳೆದುಬಿಟ್ಟ. ಯಾವುದು ದೀಪದ್ದು, ಯಾವುದು ಹಾರನ್ನಿನದು ಎಂದು ಅವನಿಗೊಬ್ಬನಿಗೇ ಗೊತ್ತು. "ಹೀಗೆ ಮಾಡಿದರೆ ನಾಳೆ ಬೇರೆಯವರಿಗೆ ತಿಳಿಯುವುದು ಹೇಗೋ?" ಎಂದರೆ, "ಯಾಕೆ, ನಾನಿಲ್ವಾ ಅತ್ತಿಗೆ?" ಎನ್ನುತ್ತಿದ್ದ.

2009ರಲ್ಲಿ ತೋಟ ಪಾಲಾಯಿತು. ಅಣ್ಣತಮ್ಮಂದಿರ ಮಾತು ನಿಂತಿತು. ಅದರ ವಿವರ ಬೇಡ; ಪಾಲು ಕಾಣದ ಮನೆ ನಿಮ್ಮಲ್ಲಿ ಯಾರದಿದೆ? ಮೈದುನ ಸಂಸಾರ ಕಟ್ಟಿಕೊಂಡು ಹಾಸನಕ್ಕೆ ಹೋದ. ಅತ್ತೆಯವರೂ ಜೀಪೂ ತೀರ್ಥಹಳ್ಳಿಯ ನಮ್ಮ ಮನೆಯಲ್ಲೇ ಉಳಿದರು.

2017ರ ಆಯುಧಪೂಜೆಗೆ ಮುಂಚೆ ಯಜಮಾನರು ಜೀಪಿಗೆ ಹೊಸ ಬಣ್ಣ ಮಾಡಿಸಿದರು. ಡ್ಯಾಷ್‌ಬೋರ್ಡನ್ನೂ ಬಿಚ್ಚಿಸಿ, ಹಿಂದೆ ಮುಂದೆ ಗಿಳಿಹಸಿರು ಬಳಿಸಿದರು. ಮದುಮಗಳಂತಿದ್ದ ಜೀಪಿನಲ್ಲಿ ಉಡುಪಿಗೆ ಹೋದೆವು. ವಾಪಸು ಬರುವಾಗ ಆಗುಂಬೆ ಘಾಟಿಯಲ್ಲಿ ಬಿಸಿ ತೋರಿಸುವ ಮೀಟರಿನ ಮುಳ್ಳು ಏರುತ್ತ ಏರುತ್ತ ಕೆಂಪು ಗೆರೆ ಮುಟ್ಟಿತು. ಘಾಟಿಗೆ 14 ತಿರುವುಗಳು. ಮೂರು ಕಡೆ ನಿಲ್ಲಿಸಿ, ಬಾನೆಟ್ಟು ಎತ್ತಿ, ಮಂಗಗಳಿಗೆ ಹೆದರಿ ತಿಂಡಿಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತೆವು. ನೋಡಿದರೆ ರೇಡಿಯೇಟರಿನ ನೀರು ಕುದಿಯುತ್ತಲೇ ಇರಲಿಲ್ಲ. ಊರಿನ ಮೆಕ್ಯಾನಿಕ್ಕು ಎಂಜಿನ್ನಿನಲ್ಲಿರುವ ಟೆಂಪರೇಚರ್ ಬಲ್ಬು ಬದಲಿಸಿದ. ಮುಳ್ಳು ಇಳಿಯಲಿಲ್ಲ. "ಮೀಟರೇ ಹೋಗಿದೆ ಸಾರ್" ಎಂದ. ನಮ್ಮವರು ಆ ಮೀಟರಿನ ಮುಖಕ್ಕೆ ಕಪ್ಪು ಟೇಪು ಅಂಟಿಸಿ ನಿಶ್ಚಿಂತರಾದರು.

ನವೆಂಬರಿನಲ್ಲಿ ಒಂದು ರಾತ್ರಿ ಅತ್ತೆಯವರಿಗೆ ಉಸಿರು ಕಟ್ಟತೊಡಗಿತು. ಮಣಿಪಾಲಕ್ಕೆ ಹೊರಟೆವು. ಪೆಟ್ರೋಲಿನ ಮುಳ್ಳು ಅರ್ಧ ತೋರಿಸುತ್ತಿತ್ತು, ಧಾರಾಳವಾಗಿ ಸಾಕು. ಘಾಟಿ ಇಳಿದು ಸೋಮೇಶ್ವರ ದಾಟಿದ ಮೇಲೆ, ಎರಡೂ ಕಡೆ ಕಾಡಿರುವಲ್ಲಿ, ಜೀಪು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಮುಳ್ಳು ಇನ್ನೂ ಕಾಲಿನ ಗೆರೆಯ ಮೇಲೆ! ಅತ್ತೆಯವರ ಬೆನ್ನು ನೀವುತ್ತ ಆ ಕತ್ತಲಿನಲ್ಲಿ ಕೂತ ಮುಕ್ಕಾಲು ಗಂಟೆಯನ್ನು ನಾನು ಈಗಲೂ ನೆನೆಯಲು ಇಷ್ಟಪಡುವುದಿಲ್ಲ. ಅವರ ಒಂದೊಂದು ಉಸಿರನ್ನೂ ಎಣಿಸಿದೆ. ಕಡೆಗೆ ಬೈಕಿನಲ್ಲಿ ಬಂದ ಹುಡುಗನೊಬ್ಬ ತನ್ನ ಟ್ಯಾಂಕಿನಿಂದ ಪೈಪು ಹಾಕಿ ನೀರಿನ ಬಾಟಲಿಗಳಿಗೆ ಪೆಟ್ರೋಲು ಇಳಿಸಿಕೊಟ್ಟ. ಹಣ ಮುಟ್ಟಲಿಲ್ಲ. ಅತ್ತೆ ಐದು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು.

ನನ್ನನ್ನು ಕೊರೆದದ್ದು ಬೇರೆ. ಒಂದೇ ಹಲಗೆಯ ಮೇಲಿನ ಎರಡು ಮೀಟರು. ಕೆಟ್ಟ ಸುದ್ದಿ ಹೇಳಿದ್ದನ್ನು ಸುಳ್ಳುಬುರುಕ ಎಂದು ಬಾಯಿಗೆ ಪಟ್ಟಿ ಹಚ್ಚಿದೆವು. ಒಳ್ಳೆಯ ಸುದ್ದಿ ಹೇಳಿದ್ದನ್ನು ಕಣ್ಣುಮುಚ್ಚಿ ನಂಬಿದೆವು.

ಮನೆಗೆ ಬಂದ ಮೇಲೆ ಎಂಟನೆಯ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಇಬ್ಬರು ಹುಡುಗರು ಗೋಲ್‌ಗುಂಬಜ್ ಇರುವುದು ಬೇಲೂರಿನಲ್ಲಿ ಎಂದು ಬರೆದಿದ್ದರು. ಒಬ್ಬ ತಪ್ಪಿದರೆ ಓದಿಲ್ಲ ಎನ್ನಬಹುದು. ಇಬ್ಬರೂ ಒಂದೇ ತಪ್ಪು ಬರೆದರೆ ಇಬ್ಬರೂ ಒಂದೇ ಕಡೆ ನೋಡಿ ಬರೆದಿದ್ದಾರೆ ಎಂದೇ ಲೆಕ್ಕ. ಕೆಂಪು ಪೆನ್ನು ಕೆಳಗಿಟ್ಟೆ. ನಮ್ಮ ಮೀಟರುಗಳೂ ಎರಡೂ ಮೇಲಕ್ಕೇ ತಪ್ಪುತ್ತಿದ್ದವಲ್ಲ! ಆಯಿಲ್ ಮೀಟರು ಸರಿಯಾಗಿತ್ತು. ಅದು ಕರೆಂಟಿನದಲ್ಲ, ಸಣ್ಣ ಕೊಳವೆಯಲ್ಲಿ ಎಣ್ಣೆಯ ಒತ್ತಡವೇ ಬಂದು ಮುಳ್ಳು ತಿರುಗಿಸುತ್ತದೆ. ಅಂದರೆ ಅದು ಈ ಬೆಂಚಿನ ಹುಡುಗನಲ್ಲ. ಹಾಗಾದರೆ ಇವೆರಡಕ್ಕೂ ಹೇಳಿಕೊಟ್ಟವರು ಯಾರು?

ಯಜಮಾನರಿಗೆ ಹೇಳಿದೆ. "ನೀನು ಬಿ.ಎ., ಬಿ.ಎಡ್. ಮಾಡಿದ್ದು ಚರಿತ್ರೆ ಹೇಳಲಿಕ್ಕೆ" ಎಂದು ನಕ್ಕರು. "ನಿಮ್ಮ ತಮ್ಮನನ್ನು ಒಂದು ಮಾತು ಕೇಳಿ" ಎಂದೆ. ನಗು ನಿಂತಿತು. ಎದ್ದು ತೋಟಕ್ಕೆ ಹೋದರು.

ಹಾಸನಕ್ಕೆ ನಾನೇ ಫೋನು ಮಾಡಿದೆ. ಮೈದುನ ಮೊದಲು ಕೇಳಿದ್ದು ಅಮ್ಮನನ್ನು. ಆಸ್ಪತ್ರೆಯ ಸುದ್ದಿ ಅವನಿಗೆ ಬೇರೆಯವರಿಂದ ತಿಳಿದಿತ್ತಂತೆ. ಗಂಟಲು ಕಟ್ಟಿತು, ಇಬ್ಬರಿಗೂ. ಮುಳ್ಳುಗಳ ಕಥೆ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಅತ್ತಿಗೆ, ಡ್ಯಾಷ್‌ಬೋರ್ಡಿಗೆ ಬಣ್ಣ ಮಾಡಿಸಿದಿರಾ?" ಎಂದ. ನನಗೆ ಮೈ ಜುಮ್ಮೆಂದಿತು.

ಅವನು ಹೇಳಿದ್ದಿಷ್ಟು. ಮೀಟರುಗಳ ಹಿಂದೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ತಗಡಿನ ಡಬ್ಬಿ ಇದೆ. ಫ್ರಿಜ್ಜಿಗೆ ಇರುವಂತೆ ಅದೂ ಒಂದು ಸ್ಟೆಬಿಲೈಸರು. ಬ್ಯಾಟರಿಯ 12 ವೋಲ್ಟನ್ನು 10ರ ಸರಾಸರಿಗೆ ಇಳಿಸಿ ಎರಡು ಮೀಟರಿಗೂ ಕೊಡುವುದು ಅದರ ಕೆಲಸ. ಒಳಗೆ ಇಸ್ತ್ರಿಪೆಟ್ಟಿಗೆಯಲ್ಲಿರುವಂಥ ಪಟ್ಟಿ. ಕಾದರೆ ಬಾಗಿ ಕರೆಂಟು ಕಡಿಯುತ್ತದೆ, ಆರಿದರೆ ಮತ್ತೆ ಕೂಡುತ್ತದೆ. ಪಟ್ಟಿ ಕಾಯಬೇಕಾದರೆ ಕರೆಂಟು ಡಬ್ಬಿಯ ಮೈಯಿಂದ ಜೀಪಿನ ಕಬ್ಬಿಣಕ್ಕೆ ಹಿಂದಿರುಗಬೇಕು. ವಾಹನದಲ್ಲಿ ಹಿಂದಿರುಗುವ ದಾರಿಗೆ ಬೇರೆ ವೈರಿಲ್ಲ, ಕಬ್ಬಿಣದ ಮೈಯೇ ದಾರಿ. ಇದಕ್ಕೇ ಅರ್ತ್ ಎನ್ನುವುದು. ನಡುವೆ ಬಣ್ಣ ಕೂತಿತು, ದಾರಿ ಮುಚ್ಚಿತು. ಪಟ್ಟಿ ಕಾಯುವುದೂ ಇಲ್ಲ, ಕಡಿಯುವುದೂ ಇಲ್ಲ. ಬಂದ ಕರೆಂಟೆಲ್ಲ ನೇರ ಮೀಟರಿಗೆ.

"ಮೊದಲು ಬ್ಯಾಟರಿಯ ವೈರು ಕಳಚಿ. ಡಬ್ಬಿಯ ಬೋಲ್ಟಿನ ಕೆಳಗೆ ಬಣ್ಣ ಕೆರೆಯಿರಿ. ನಾನು ಹೇಳಿದೆ ಅನ್ನಬೇಡಿ."

ಭಾನುವಾರ ಯಜಮಾನರನ್ನು ನಿಲ್ಲಿಸಿಕೊಂಡೇ ಆ ಕೆಲಸ ಮಾಡಿಸಿದೆ. ಸ್ಪ್ಯಾನರ್ ಅವರ ಕೈಯಲ್ಲಿ, ಎಮರಿ ಪೇಪರು ನನ್ನ ಕೈಯಲ್ಲಿ. ಹೊಸ ಬಣ್ಣ ಕೆರೆಯುವಾಗ ಅವರ ಮುಖ ನೋಡಲಾಗಲಿಲ್ಲ. ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಡಬ್ಬಿ ಬಿಗಿದು, ಬ್ಯಾಟರಿ ಜೋಡಿಸಿ, ಕೀ ತಿರುಗಿಸಿದೆವು. ಬೆಳಿಗ್ಗೆ 'ಪೂರ್ತಿ' ಎಂದಿದ್ದ ಪೆಟ್ರೋಲಿನ ಮುಳ್ಳು ನಿಧಾನವಾಗಿ ಎದ್ದು ಅರ್ಧದಲ್ಲಿ ನಿಂತಿತು. ಡ್ರೈವರ್ ಸೀಟಿನ ಕೆಳಗಿನ ಟ್ಯಾಂಕಿಗೆ ಬಿದಿರಿನ ಕಡ್ಡಿ ಇಳಿಸಿ ನೋಡಿದರು, ಅರ್ಧವೇ. ಎಂಜಿನ್ನು ಓಡಿಸಿ, ಇನ್ನೊಂದು ಮೀಟರಿನ ಟೇಪು ಉಗುರಿನಿಂದ ಕಿತ್ತೆ. ಆ ಮುಳ್ಳೂ ನಡುವಿನಲ್ಲಿ ಸಭ್ಯವಾಗಿ ನಿಂತಿತ್ತು.

ಯಜಮಾನರು ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸುತ್ತ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನನ್ನ ಕಡೆ ನೋಡದೆ ಕೇಳಿದರು:

"ಕ್ಲಚ್ಚು ಬಿಗಿಯಾಗಿದೆಯಲ್ಲ, ಅದಕ್ಕೇನಾದರೂ ಹೇಳಿದನಾ ಅವನು?"