ಯಾವ ಬಲ್ಬೀರ್ ಸಿಂಗ್?

ಪತ್ರಿಕೋದ್ಯಮ ತರಗತಿಗೆ ಸೇರಿದ ಮೊದಲ ವಾರವೇ ನಮ್ಮ ಮೇಷ್ಟ್ರು ಒಂದು ಮಾತು ಹೇಳಿದ್ದರು. ಸುದ್ದಿಯಲ್ಲಿ ಬರೀ ಹೆಸರು ಬರೆದರೆ ಅದು ಅರ್ಧ ಸುದ್ದಿ. ಹೆಸರಿನ ಜೊತೆ ವಯಸ್ಸು, ಊರು, ಕೆಲಸ ಬಂದರೆ ಮಾತ್ರ ಪೂರ್ತಿ ಸುದ್ದಿ. ನಮ್ಮ ತರಗತಿಯಲ್ಲೇ ಮೂವರು ಮಂಜುನಾಥರು ಇದ್ದದ್ದರಿಂದ ಈ ಪಾಠ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರಿಗೆ ಇನಿಷಿಯಲ್ ಇತ್ತು. ಹಾಸ್ಟೆಲಿನಲ್ಲಿ ಮಾತ್ರ ಒಬ್ಬ ಸಿರಾ, ಒಬ್ಬ ಹೊಸದುರ್ಗ, ಇನ್ನೊಬ್ಬ ಕೆ.ಆರ್. ಪೇಟೆ. ಮಂಜ ಅಂತ ಕೂಗಿದರೆ ಮೂವರೂ ಓ ಅನ್ನುತ್ತಿದ್ದರು. ಊರ ಹೆಸರು ಹಿಡಿದು ಕೂಗಿದರೆ ಬೇಕಾದವನು ಮಾತ್ರ ಬರುತ್ತಿದ್ದ.

ಈ ಪಾಠಕ್ಕೆ ದೇಶದಲ್ಲೇ ಒಳ್ಳೆಯ ಉದಾಹರಣೆ ಬೇಕೆಂದರೆ ಪಂಜಾಬಿಗೆ ಹೋಗಬೇಕು. ಅಲ್ಲಿ ಬಲ್ಬೀರ್ ಸಿಂಗ್ ಎಂಬ ಒಂದೇ ಹೆಸರಿಗೆ ಹಾಕಿ ಮೈದಾನದಿಂದ ನಾಲ್ವರು, ವಿಧಾನಸಭೆಯಿಂದ ಒಬ್ಬರು, ರಾಜ್ಯಸಭೆಯಿಂದ ಒಬ್ಬರು, ರೈತ ಹೋರಾಟದಿಂದ ಒಬ್ಬರು ಸಾಲಾಗಿ ನಿಲ್ಲುತ್ತಾರೆ. ಎಲ್ಲರೂ ಹೆಸರು ಮಾಡಿದವರೇ. ಹುಡುಕಿದರೆ ಇನ್ನೂ ಸಿಗುತ್ತಾರೆ, ಸದ್ಯಕ್ಕೆ ಈ ಏಳು ಮಂದಿ ಸಾಕು.

ಮೊದಲನೆಯವರು ಬಲ್ಬೀರ್ ಸಿಂಗ್ ದೋಸಾಂಜ್. 1948ರ ಲಂಡನ್, 1952ರ ಹೆಲ್ಸಿಂಕಿ, 1956ರ ಮೆಲ್ಬರ್ನ್, ಮೂರೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದರು. ಸ್ವಾತಂತ್ರ್ಯ ಬಂದು ಒಂದು ವರ್ಷವಾಗಿದ್ದಾಗ, ಲಂಡನ್ನಿನಲ್ಲೇ, ಬ್ರಿಟನ್ ತಂಡವನ್ನು ಫೈನಲ್‌ನಲ್ಲಿ 4–0ಯಿಂದ ಸೋಲಿಸಿದೆವಲ್ಲ, ಅದರಲ್ಲಿ ಎರಡು ಗೋಲು ಇವರದು. ಹೆಲ್ಸಿಂಕಿ ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ಭಾರತ ಹೊಡೆದದ್ದು ಆರು ಗೋಲು. ಅದರಲ್ಲಿ ಐದು ಇವರೊಬ್ಬರದೇ. ಮೆಲ್ಬರ್ನ್‌ನಲ್ಲಿ ಇವರೇ ನಾಯಕ. ಬೆರಳು ಮುರಿದಿದ್ದರೂ ಪಾಕಿಸ್ತಾನದ ವಿರುದ್ಧ ಫೈನಲ್ ಆಡಿ ಗೆದ್ದು ಬಂದರು.

ಇವರ ನಂತರ ಅದೇ ಹೆಸರಿನ ಹುಡುಗರು ಒಬ್ಬರ ಹಿಂದೆ ಒಬ್ಬರು ಹಾಕಿಗೆ ಬಂದರು. ಆಮೇಲೆ ಜನ ಇವರನ್ನು ಬಲ್ಬೀರ್ ಸಿಂಗ್ ಸೀನಿಯರ್ ಎಂದು ಕರೆಯತೊಡಗಿದರು. ನಮ್ಮ ಕಡೆ ದೊಡ್ಡಪ್ಪಯ್ಯ, ಚಿಕ್ಕಪ್ಪಯ್ಯ ಅನ್ನುವ ಹಾಗೇ ಇದು. ಚಿಕ್ಕವನು ಹುಟ್ಟುವ ತನಕ ಯಾರೂ ದೊಡ್ಡವನಾಗುವುದಿಲ್ಲ.

ನಮಗೆ ತುಂಬಾ ಇಷ್ಟವಾದ ಕಥೆ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನದು. ಆ ಸಲ ಭಾರತ ತಂಡದಲ್ಲಿ ಒಟ್ಟೊಟ್ಟಿಗೇ ಮೂವರು ಬಲ್ಬೀರ್ ಸಿಂಗರು. ಮೂವರೂ ಕಂಚು ಗೆದ್ದು ಬಂದರು. ಅವರಲ್ಲಿ ಇಬ್ಬರು ಒಂದೇ ಊರಿನವರು. ಜಲಂಧರ್ ಹತ್ತಿರದ ಸಂಸಾರ್‌ಪುರ ಆ ಊರು. ಇಬ್ಬರ ಮನೆತನದ ಹೆಸರೂ ಒಂದೇ, ಕುಲಾರ್. ಅಂದರೆ ಹೆಸರು ಹೇಳಿದರೂ ಗೊತ್ತಾಗದು, ಊರು ಹೇಳಿದರೂ ಗೊತ್ತಾಗದು, ಮನೆತನ ಹೇಳಿದರೂ ಗೊತ್ತಾಗದು. ಹಾಗಿದ್ದರೆ ಗುರುತಿಸುವುದು ಹೇಗೆ? ಕೆಲಸದಿಂದ. ಒಬ್ಬರು ಪಂಜಾಬ್ ಪೊಲೀಸ್, ಇನ್ನೊಬ್ಬರು ಸೇನೆ. ಮೂರನೆಯ ಬಲ್ಬೀರ್ ರೈಲ್ವೆಯವರು. ಪೊಲೀಸ್ ಬಲ್ಬೀರ್, ಮಿಲಿಟರಿ ಬಲ್ಬೀರ್, ರೈಲ್ವೆ ಬಲ್ಬೀರ್ ಅಂದರೆ ಮುಗಿಯಿತು.

ಸಂಸಾರ್‌ಪುರದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆ ಒಂದೇ ಹಳ್ಳಿ ಹದಿನಾಲ್ಕು ಒಲಿಂಪಿಯನ್ನರನ್ನು ಕೊಟ್ಟಿದೆ. ಕೆಲವರು ಭಾರತಕ್ಕೆ ಆಡಿದರೆ, ವಲಸೆ ಹೋದ ಮನೆಗಳ ಮಕ್ಕಳು ಕೀನ್ಯಾದಂಥ ದೇಶಗಳಿಗೆ ಆಡಿದರು. 1975ರಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ ಅಜಿತ್‌ಪಾಲ್ ಸಿಂಗ್ ಕೂಡ ಅದೇ ಊರಿನವರು. ಆ ತಂಡವನ್ನು ತಯಾರು ಮಾಡಿದವರಲ್ಲಿ ನಮ್ಮ ಬಲ್ಬೀರ್ ಸೀನಿಯರ್ ಕೂಡ ಇದ್ದರು.

ಇನ್ನು ರಾಜಕೀಯಕ್ಕೆ ಬರೋಣ. ಪಂಜಾಬಿನಲ್ಲಿ 2023ರ ಜನವರಿಯಲ್ಲಿ ಆರೋಗ್ಯ ಮಂತ್ರಿಯಾದವರು ಡಾ. ಬಲ್ಬೀರ್ ಸಿಂಗ್. ಪಟಿಯಾಲಾ ಗ್ರಾಮಾಂತರ ಕ್ಷೇತ್ರದ ಶಾಸಕರು, ಕಣ್ಣಿನ ವೈದ್ಯರು. 2022ರಲ್ಲಿ ರಾಜ್ಯಸಭೆಗೆ ಹೋದವರು ಬಲ್ಬೀರ್ ಸಿಂಗ್ ಸೀಚೇವಾಲ್. ಊರೂರಿನ ಕೊಳಚೆ ಸೇರಿ ಕೆಟ್ಟುಹೋಗಿದ್ದ ಕಾಲಿ ಬೇಯಿಂ ಎಂಬ ಹೊಳೆಯನ್ನು 2000ದಿಂದ ಹಳ್ಳಿ ಜನರ ಕೈಯಿಂದಲೇ ಶುದ್ಧ ಮಾಡಿಸಿದ ಸಂತ ಇವರು. ಮೂರನೆಯವರು ಬಲ್ಬೀರ್ ಸಿಂಗ್ ರಾಜೇವಾಲ್. 2020–21ರಲ್ಲಿ ದೆಹಲಿ ಗಡಿಯಲ್ಲಿ ನಡೆದ ರೈತ ಹೋರಾಟದ ಮುಂದಾಳುಗಳಲ್ಲಿ ಒಬ್ಬರು. 2022ರಲ್ಲಿ ಸಮ್ರಾಲಾ ಕ್ಷೇತ್ರದಿಂದ ವಿಧಾನಸಭೆಗೆ ನಿಂತು ಸೋತರು.

ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ಸೀಚೇವಾಲ್ ಅಂದರೆ ಸೀಚೇವಾಲ್ ಊರಿನವರು. ರಾಜೇವಾಲ್ ಅಂದರೆ ರಾಜೇವಾಲ್ ಊರಿನವರು. ಡಾಕ್ಟರ್ ಬಲ್ಬೀರ್ ಅಂದರೆ ಕೆಲಸ. ನಮ್ಮ ಹಾಸ್ಟೆಲ್ ಹುಡುಗರು ಮಾಡಿದ್ದನ್ನೇ ಪಂಜಾಬಿನ ಜನ ಮಾಡಿದ್ದಾರೆ. ಅಲ್ಲಿ ಇದು ಹೆಚ್ಚು ಬೇಕಾಗಲು ಒಂದು ಕಾರಣವೂ ಇದೆ. ಸಿಖ್ ಗಂಡಸರ ಹೆಸರಿನ ಕೊನೆಗೆ ಸಿಂಗ್ ಬರುವುದು ರೂಢಿ. ಹಾಗಾಗಿ ಮೊದಲ ಹೆಸರು ಒಂದೇ ಆದರೆ ಪೂರ್ತಿ ಹೆಸರೇ ಒಂದಾಗಿಬಿಡುತ್ತದೆ.

ನಮ್ಮ ರಾಜ್ಯದಲ್ಲಿ ಅದೇ ಕೆಲಸವನ್ನು ಇನಿಷಿಯಲ್ ಮಾಡುತ್ತದೆ. ಎಚ್.ಡಿ. ದೇವೇಗೌಡರ 'ಎಚ್' ಅಂದರೆ ಹರದನಹಳ್ಳಿ. ವೇಗದ ಬೌಲರ್ ಶ್ರೀನಾಥ್ ಹೆಸರಿನ ಮುಂದಿರುವ ಜಾವಗಲ್ ಹಾಸನ ಜಿಲ್ಲೆಯ ಊರು. ಸುನಿಲ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಗದಗಿನಿಂದ ಬಂದ ಸ್ಪಿನ್ನರ್ ಸುನಿಲ್ ಜೋಶಿ, ಎರಡು ಒಲಿಂಪಿಕ್ಸ್ ಆಡಿದ ಕೊಡಗಿನ ಹಾಕಿ ಆಟಗಾರ ಎಸ್.ವಿ. ಸುನಿಲ್, ಕಾರ್ಕಳದ ಶಾಸಕ ವಿ. ಸುನಿಲ್ ಕುಮಾರ್. ಹಾಕಿ ಸುನಿಲ್ ಅವರ 'ಎಸ್' ಯಾವುದು ಗೊತ್ತೇ? ಸೋಮವಾರಪೇಟೆ. ಒಂದೇ ಒಂದು ಅಕ್ಷರದಲ್ಲಿ ಇಡೀ ಊರು ಕೂತಿದೆ.

ಹೆಸರು ಒಂದೇ ಇರುವುದು ಯಾರ ತಪ್ಪೂ ಅಲ್ಲ. ಆಟದಲ್ಲಂತೂ ಅದರಿಂದ ಯಾರಿಗೂ ನಷ್ಟವಿಲ್ಲ. ರೈಲ್ವೆ ಬಲ್ಬೀರ್ ಹೊಡೆದ ಗೋಲು ಪೊಲೀಸ್ ಬಲ್ಬೀರ್ ಲೆಕ್ಕಕ್ಕೆ ಬರೆದರೂ ತಂಡದ ಗೋಲು ಕಡಿಮೆಯಾಗುವುದಿಲ್ಲ. ಚುನಾವಣೆಯಲ್ಲಿ ಹಾಗಲ್ಲ. ಅಲ್ಲಿ ಒಬ್ಬರ ವೋಟು ಇನ್ನೊಬ್ಬರಿಗೆ ಹೋದರೆ ವಾಪಸ್ ಬರುವುದಿಲ್ಲ. ಗೆಲ್ಲಬೇಕಾದವರು ಸೋಲಬಹುದು.

2004ರಲ್ಲಿ ಕೇರಳದ ಆಲಪ್ಪುಳ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ವಿ.ಎಂ. ಸುಧೀರನ್ ಸೋತದ್ದು 1,009 ವೋಟುಗಳಿಂದ. ಅದೇ ಕಣದಲ್ಲಿದ್ದ ವಿ.ಎಸ್. ಸುಧೀರನ್ ಎಂಬುವರಿಗೆ 8 ಸಾವಿರಕ್ಕೂ ಹೆಚ್ಚು ವೋಟು ಬಿದ್ದಿತ್ತು. 2014ರಲ್ಲಿ ಛತ್ತೀಸ್‌ಗಢದ ಮಹಾಸಮುಂದ್‌ನಲ್ಲಿ ಬಿಜೆಪಿಯ ಚಂದುಲಾಲ್ ಸಾಹು ಎದುರಿಗೆ ಕಾಂಗ್ರೆಸ್ಸಿನ ಅಜಿತ್ ಜೋಗಿ. ಜೊತೆಗೆ ಚಂದುಲಾಲ್ ಸಾಹು, ಚಂದುರಾಮ್ ಸಾಹು ಎಂಬ ಹೆಸರಿನ ಇನ್ನೂ ಹತ್ತು ಮಂದಿ. ಬಿಜೆಪಿಯ ಸಾಹು ಹೇಗೋ 1,217 ವೋಟಿನಿಂದ ದಡ ಸೇರಿದರು.

ನಮ್ಮ ಗಡಿಗೆ ತಾಗಿಕೊಂಡೇ ಇರುವ, ಕನ್ನಡ ಮಾತಾಡುವವರು ತುಂಬಿರುವ ಮಂಜೇಶ್ವರದಲ್ಲಿ 2016ರಲ್ಲಿ ಇನ್ನೂ ಹತ್ತಿರದ ಆಟ ನಡೆಯಿತು. ಕೆ. ಸುರೇಂದ್ರನ್ ಬರೀ 89 ವೋಟಿನಿಂದ ಸೋತರು. ಕಣದಲ್ಲಿದ್ದ ಕೆ. ಸುಂದರ ಎಂಬುವರಿಗೆ 467 ವೋಟು ಬಿದ್ದಿತ್ತು. ಆ 467 ಜನರೂ ತಪ್ಪಿ ಒತ್ತಿದರು ಅಂತ ನಾವು ಹೇಳುವುದಿಲ್ಲ. ಬೇಕೆಂದೇ ಕೊಟ್ಟವರೂ ಇದ್ದಾರು. ಆದರೆ ಅವರಲ್ಲಿ ನೂರು ಜನ ಕಣ್ತಪ್ಪಿ ಒತ್ತಿದ್ದರೂ ಸಾಕು, ಒಂದು ಕ್ಷೇತ್ರದ ಐದು ವರ್ಷ ಬದಲಾಗಿಬಿಡುತ್ತದೆ.

ಮಂಡ್ಯದ ಚುನಾವಣೆ ನಿಮಗೆಲ್ಲ ನೆನಪಿರುತ್ತದೆ. 2019ರಲ್ಲಿ ಸುಮಲತಾ ಅಂಬರೀಶ್ ಸ್ವತಂತ್ರವಾಗಿ ನಿಂತಾಗ ಸುಮಲತಾ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಮತಯಂತ್ರದಲ್ಲಿ ಮೊದಲು ಮಾನ್ಯತೆ ಇರುವ ಪಕ್ಷಗಳವರು, ಆಮೇಲೆ ಸಣ್ಣ ಪಕ್ಷಗಳವರು, ಕೊನೆಗೆ ಸ್ವತಂತ್ರರು ಬರುತ್ತಾರೆ. ಒಂದೊಂದು ಗುಂಪಿನೊಳಗೆ ಅಕ್ಷರಮಾಲೆಯ ಕ್ರಮ. ಅಂದರೆ ಒಂದೇ ಹೆಸರಿನ ಸ್ವತಂತ್ರರು ಒತ್ತೊತ್ತಾಗಿಯೇ ಬರುತ್ತಾರೆ. ಸುಮಲತಾ ಅಂಬರೀಶ್ ಅವರಿಗೆ ಸಿಕ್ಕಿದ್ದ ಗುರುತು ಕಹಳೆ ಊದುತ್ತಿರುವ ರೈತ. ಅವರು ಗೆದ್ದದ್ದು 1,25,876 ವೋಟಿನ ಅಂತರದಲ್ಲಿ. ಅಷ್ಟು ದೊಡ್ಡ ಅಂತರವಿದ್ದಾಗ ಗೊಂದಲದ ವೋಟು ಲೆಕ್ಕಕ್ಕೆ ಬರಲಿಲ್ಲ. 89ರ ಅಂತರವಿದ್ದರೆ?

ಒಂದೇ ಹೆಸರಿನವರನ್ನು ಯಾರು, ಯಾಕೆ ನಿಲ್ಲಿಸುತ್ತಾರೆ ಎಂದು ಅರಳಿಕಟ್ಟೆಯಲ್ಲಿ ಎಲ್ಲರೂ ಮಾತಾಡುತ್ತಾರೆ. ಆದರೆ ಹೆಸರು ಒಂದೇ ಎಂಬ ಕಾರಣಕ್ಕೆ ಯಾರನ್ನೂ ನಿಲ್ಲಬೇಡ ಅನ್ನಲು ಬರುವುದಿಲ್ಲ. 2024ರ ಮೇ ತಿಂಗಳಲ್ಲಿ ಈ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಹೆಸರು ಅಪ್ಪ ಅಮ್ಮ ಇಟ್ಟದ್ದು, ಅದಕ್ಕಾಗಿ ಚುನಾವಣೆಗೆ ನಿಲ್ಲುವ ಹಕ್ಕನ್ನು ಕಿತ್ತುಕೊಳ್ಳುವುದು ಹೇಗೆ ಎಂಬ ಅರ್ಥದ ಮಾತಾಡಿದ ನ್ಯಾಯಪೀಠ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ನಮಗೂ ಅದು ಸರಿ ಅನ್ನಿಸುತ್ತದೆ. ಕೂಲಿ ಮಾಡುವ ಒಬ್ಬ ಹೆಣ್ಣುಮಗಳ ಹೆಸರು ದೊಡ್ಡವರ ಹೆಸರಿನಂತೆಯೇ ಇದ್ದರೆ ಅವಳು ಚುನಾವಣೆಗೆ ನಿಲ್ಲಬಾರದೇ?

ಹಾಗಾದರೆ ದಾರಿ ಏನು? 1961ರ ಚುನಾವಣಾ ನಿಯಮಗಳಲ್ಲೇ ಒಂದು ದಾರಿ ಇದೆ. ಇಬ್ಬರು ಅಭ್ಯರ್ಥಿಗಳ ಹೆಸರು ಒಂದೇ ಆಗಿದ್ದರೆ ಅವರ ಉದ್ಯೋಗವನ್ನೋ ವಾಸಸ್ಥಳವನ್ನೋ ಸೇರಿಸಿ ಬೇರೆ ಬೇರೆಯಾಗಿ ತೋರಿಸಬೇಕು ಎನ್ನುತ್ತದೆ ನಿಯಮ. ಊರು ಮತ್ತು ಕೆಲಸ. ಹಾಸ್ಟೆಲ್ ಹುಡುಗರ ಲೆಕ್ಕವೂ ಅದೇ, ಮೆಕ್ಸಿಕೊಗೆ ಹೋದ ತಂಡದ ಲೆಕ್ಕವೂ ಅದೇ. 2015ರ ಮೇ ತಿಂಗಳಿನಿಂದೀಚೆಗೆ ಮತಯಂತ್ರದಲ್ಲಿ ಹೆಸರಿನ ಪಕ್ಕ ಫೋಟೋ ಕೂಡ ಬಂದಿದೆ. 2025ರ ಬಿಹಾರ ಚುನಾವಣೆಯಿಂದ ಅದು ಬಣ್ಣದ ಫೋಟೋ ಆಗಿದೆ.

ಇಷ್ಟೆಲ್ಲ ಇದ್ದರೂ ಕೊನೆಗೆ ಗುಂಡಿ ಒತ್ತುವುದು ನಮ್ಮ ಬೆರಳು. ಕಣ್ಣು ಮಂಜಾದ ಅಜ್ಜಿಗೆ, ಓದಲು ಬಾರದ ಅಣ್ಣನಿಗೆ ಮನೆಯಲ್ಲಿ ಮೊದಲೇ ಹೇಳಿಕೊಡಿ. ಯಾರಿಗೆ ಹಾಕಬೇಕು ಅಂತ ಅಲ್ಲ, ಅದು ಅವರಿಷ್ಟ. ಅವರು ಮನಸ್ಸು ಮಾಡಿದವರ ಕ್ರಮಸಂಖ್ಯೆ ಎಷ್ಟು, ಗುರುತು ಯಾವುದು, ಫೋಟೋ ಹೇಗಿದೆ ಎಂಬುದನ್ನು ಹೇಳಿಕೊಡಿ. ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಯಂತ್ರದ ಗಾಜಿನೊಳಗೆ ಏಳು ಸೆಕೆಂಡು ಚೀಟಿ ಕಾಣುತ್ತದೆ. ಅದನ್ನು ನೋಡಿಯೇ ಆಚೆ ಬನ್ನಿ ಅನ್ನಿ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಂತೂ ಪಕ್ಷದ ಗುರುತೇ ಇರುವುದಿಲ್ಲ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಇಬ್ಬರು ರಾಮಣ್ಣ ನಿಂತರೆ ಗುರುತನ್ನು ಸರಿಯಾಗಿ ನೆನಪಿಟ್ಟುಕೊಳ್ಳುವುದೊಂದೇ ದಾರಿ.

ಬರೆಯುವ ನಮ್ಮಂಥವರಿಗೂ ಇದರಲ್ಲಿ ಒಂದು ಕೆಲಸವಿದೆ. ನಮ್ಮ ಬಳಗದ ಗೆಳೆಯನೊಬ್ಬನ ಊರಿನಲ್ಲಿ ಒಬ್ಬ ಕಬಡ್ಡಿ ಆಟಗಾರನಿದ್ದಾನೆ, ತಾಲ್ಲೂಕು ತಂಡಕ್ಕೆ ಆಡಿದವನು. ಇಸ್ಪೀಟು ಅಡ್ಡೆಯ ಮೇಲೆ ದಾಳಿಯಾದ ಸುದ್ದಿ ಒಂದು ಪತ್ರಿಕೆಯಲ್ಲಿ ಬಂದಾಗ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ನಿಜಕ್ಕೂ ಅದು ಪಕ್ಕದ ಹಳ್ಳಿಯ ಇನ್ನೊಬ್ಬನ ಹೆಸರು. ತಂದೆಯ ಹೆಸರಿಲ್ಲ, ಊರಿಲ್ಲ, ವಯಸ್ಸಿಲ್ಲ. ಯಾರೋ ಆ ತುಣುಕಿನ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರು. ಅವನ ತಂಗಿಗೆ ಬಂದಿದ್ದ ಸಂಬಂಧದವರು ಎರಡು ವಾರ ಫೋನ್ ಎತ್ತಲಿಲ್ಲ. ಕೊನೆಗೆ ಊರಿನ ಹಿರಿಯರು ಅವರ ಮನೆಗೇ ಹೋಗಿ, ಆ ಹುಡುಗ ಬೇರೆ, ನಮ್ಮ ಹುಡುಗ ಬೇರೆ ಎಂದು ಹೇಳಿ ಬರಬೇಕಾಯಿತು. ಪೇಪರಿನಲ್ಲಿ ಇನ್ನೊಂದು ಸಾಲು ಹೆಚ್ಚಿಗೆ ಬರೆದಿದ್ದರೆ ಯಾರೂ ಬಸ್ಸು ಹತ್ತಬೇಕಿರಲಿಲ್ಲ.

2020ರಲ್ಲಿ ಇಬ್ಬರು ಬಲ್ಬೀರ್ ಸಿಂಗರು ಮೂರೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಫೆಬ್ರವರಿ ಕೊನೆಯಲ್ಲಿ ಪೊಲೀಸ್ ಬಲ್ಬೀರ್, ಮೇ 25ರಂದು ಸೀನಿಯರ್. ಇಬ್ಬರೂ ಹಾಕಿಯವರು, ಇಬ್ಬರೂ ಒಲಿಂಪಿಕ್ ಪದಕ ಗೆದ್ದವರು. ಹಾಕಿ ಆಟಗಾರ ಬಲ್ಬೀರ್ ಸಿಂಗ್ ಇನ್ನಿಲ್ಲ ಎಂದಷ್ಟೇ ಬರೆದರೆ ಆ ಸಾಲು ಎರಡು ಸಲವೂ ನಿಜವೇ. ಆದರೆ ಯಾರು ಹೋದರು ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಒಬ್ಬರಿಗೆ ಸಂಸಾರ್‌ಪುರ ಸೇರಬೇಕು, ಇನ್ನೊಬ್ಬರಿಗೆ ಮೂರು ಚಿನ್ನ ಸೇರಬೇಕು.

ನಿಮ್ಮ ಊರಿನಲ್ಲೂ ಒಂದೇ ಹೆಸರಿನ ಇಬ್ಬರು ಇದ್ದೇ ಇರುತ್ತಾರೆ. ಒಬ್ಬರು ಪಂಚಾಯಿತಿ ಸದಸ್ಯರಾಗಿರಬಹುದು, ಇನ್ನೊಬ್ಬರು ವಾಲಿಬಾಲ್ ಆಡುವ ಹುಡುಗ ಇರಬಹುದು. ಅವರಲ್ಲಿ ಒಬ್ಬರ ಬಗ್ಗೆ ಒಳ್ಳೆಯದೋ ಕೆಟ್ಟದ್ದೋ ಒಂದು ಸುದ್ದಿ ನಿಮ್ಮ ಫೋನಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಯಾವ ಊರಿನವರು, ಯಾರ ಮಗ?